ಹಳೆಯ ಅಂಬಾಸಿಡರ್‌ಗೆ ವಾಟರ್ ಪಂಪ್ ಆರಿಸುವುದು

ಅಂಬಾಸಿಡರ್ ಕಾರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ವಾಟರ್ ಪಂಪು ಬ್ಲಾಕಿನ ಮುಂಭಾಗಕ್ಕೆ ಬೋಲ್ಟುಗಳಿಂದ ಬಿಗಿದು ಕೂತಿರುತ್ತದೆ. ಅದರ ಶಾಫ್ಟಿನ ಹೊರತುದಿಯಲ್ಲಿ ಹಬ್, ಹಬ್ ಮೇಲೆ ಪುಲ್ಲಿ, ಪುಲ್ಲಿಗೆ ಫ್ಯಾನು. ಒಳತುದಿಯಲ್ಲಿ ರೆಕ್ಕೆಗಳಿರುವ ಇಂಪೆಲ್ಲರ್. ಕ್ರ್ಯಾಂಕಿನಿಂದ ಬರುವ ಒಂದೇ ಬೆಲ್ಟು ಡೈನಮೊವನ್ನೂ ಪಂಪನ್ನೂ ಒಟ್ಟಿಗೆ ತಿರುಗಿಸುತ್ತದೆ. ಪಂಪು ರೇಡಿಯೇಟರಿನ ಕೆಳಗಿನ ಹೋಸಿನಿಂದ ತಣ್ಣೀರನ್ನು ಎಳೆದು ಬ್ಲಾಕಿಗೆ ತಳ್ಳುತ್ತದೆ. ಬಿಸಿಯಾದ ನೀರು ಹೆಡ್ಡಿನಿಂದ ಥರ್ಮೋಸ್ಟ್ಯಾಟ್ ದಾಟಿ, ಮೇಲಿನ ಹೋಸಿನ ಮೂಲಕ ರೇಡಿಯೇಟರಿಗೆ ಮರಳುತ್ತದೆ. ಪೆಟ್ರೋಲಿನಿಂದ ಹುಟ್ಟುವ ಶಾಖದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಈ ನೀರಿನ ದಾರಿಯಲ್ಲೇ ಹೊರಹೋಗಬೇಕು.

ಸಿರುಗುಪ್ಪ ಸೀಮೆಯಲ್ಲಿ ಈ ಕೆಲಸ ಕಷ್ಟದ್ದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕಟಾವಿನ ದಿನಗಳಲ್ಲಿ ದಾರಿಯ ತುಂಬ ಭತ್ತದ ಧೂಳು. ಕಾಲುವೆಯ ನೀರಿನಲ್ಲಿ ಮಣ್ಣು, ಬೋರ್‌ವೆಲ್ ನೀರಿನಲ್ಲಿ ಉಪ್ಪು. ಹೊಸ ಪಂಪು ಆರಿಸುವವರು ಇವನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಕು. ಇದೇ ಸೀಮೆಯ ದೇಶನೂರಿನಲ್ಲಿ ನಡೆದಂತೆ ಮುಂದೆ ಬರೆದಿರುವ ಮಾತುಕತೆಯಲ್ಲಿ ಕಾರಿನವನು, ಮೇಸ್ತ್ರಿ, ನಡುವೆ ಬಂದು ಸೇರುವ ಲೇತಿನವನು, ಹೀಗೆ ಮೂವರಿದ್ದಾರೆ.

ಕಾರಿನವನು: ಬಳ್ಳಾರಿಗೆ ಹೊರಟರೆ ಅರ್ಧ ದಾರಿಗೇ ಎಂಜಿನ್ ಹೀಟ್ ಆಗುತ್ತದೆ. ಪಂಪು ಹೋಗಿದೆ, ಹೊಸದು ಹಾಕಿಸು ಎಂಬುದು ಎಲ್ಲರ ಮಾತು. ಯಾವುದು ತರಬೇಕು?

ಮೇಸ್ತ್ರಿ: ಯಾವುದು ಎನ್ನುವ ಮೊದಲು, ಪಂಪೇ ಹೋಗಿದೆಯೇ ಎಂದು ನೋಡಬೇಕು. ರೇಡಿಯೇಟರಿನ ಫಿನ್ನುಗಳ ನಡುವೆ ಹೊಟ್ಟು ಮೆತ್ತಿಕೊಂಡಿದ್ದರೆ ಗಾಳಿ ಹಾಯುವುದಿಲ್ಲ. ಬೆಲ್ಟು ಸಡಿಲವಾಗಿದ್ದರೆ ಪುಲ್ಲಿ ಜಾರುತ್ತದೆ. ಥರ್ಮೋಸ್ಟ್ಯಾಟ್ ಮುಚ್ಚಿದಂತೆಯೇ ಸಿಕ್ಕಿಕೊಂಡರೆ ಮೇಲಿನ ಹೋಸು ತಣ್ಣಗೇ ಉಳಿಯುತ್ತದೆ. ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣ ಕಟ್ಟಿದ್ದರೆ ಕೈಯಾಡಿಸಿದಾಗ ಒಂದು ಭಾಗ ಬಿಸಿ, ಇನ್ನೊಂದು ಭಾಗ ತಣ್ಣಗೆ ತಿಳಿಯುತ್ತದೆ. ಹೆಡ್ ಗ್ಯಾಸ್ಕೆಟ್ ಸುಟ್ಟಿದ್ದರೆ ನೀರಿನಲ್ಲಿ ಗುಳ್ಳೆ. ಇಗ್ನಿಷನ್ ಟೈಮಿಂಗ್ ತಡವಾದರೂ ಎಂಜಿನ್ ಕಾಯುತ್ತದೆ. ಇಷ್ಟನ್ನೂ ನೋಡದೆ ಪಂಪು ಬದಲಿಸಿದರೆ ಹೊಸ ಪಂಪಿನ ಜೊತೆ ಹಳೆಯ ಬಿಸಿಯೇ ಬಳ್ಳಾರಿ ತಲುಪುತ್ತದೆ.

ಕಾರಿನವನು: ಹಾಗಾದರೆ ಪಂಪಿನ ದೋಷಕ್ಕೆ ಬೇರೆಯೇ ಗುರುತು ಇರಬೇಕಲ್ಲ?

ಮೇಸ್ತ್ರಿ: ಇದೆ. ಪಂಪಿನ ಬಾಡಿಯ ಕೆಳಮುಖದಲ್ಲಿ, ಸೀಲಿಗೂ ಬೇರಿಂಗಿಗೂ ನಡುವೆ, ಒಂದು ಸಣ್ಣ ತೂತು ಇರುತ್ತದೆ. ಸೀಲು ಸೋರಿದ ನೀರು ಬೇರಿಂಗಿಗೆ ನುಗ್ಗದೆ ಅಲ್ಲಿಂದ ಹೊರಬೀಳಲಿ ಎಂದೇ ಅದನ್ನು ಕೊರೆದಿರುತ್ತಾರೆ. ತೂತಿನ ಸುತ್ತ ಬಿಳಿ ಪೊರೆಯೋ ಕೆಂಪು ತುಕ್ಕಿನ ಗೆರೆಯೋ ಕಂಡರೆ ಸೀಲು ಮುಗಿಯುತ್ತಾ ಬಂದಿದೆ ಎಂದರ್ಥ. ಹೊಸ ಸೀಲು ಕೂರುವವರೆಗೆ ಒಂದೆರಡು ಹನಿ ಒಸರಬಹುದು, ಅದು ದೋಷವಲ್ಲ. ನಿಂತ ಕಾರಿನ ಕೆಳಗೆ ತೊಟ್ಟಿಕ್ಕುತ್ತಲೇ ಇದ್ದರೆ ದೋಷ. ಆಮೇಲೆ ಎಂಜಿನ್ ಆರಿಸಿ, ಬೆಲ್ಟು ಬಿಚ್ಚಿ, ಫ್ಯಾನಿನ ಎದುರುಬದುರಿನ ಎರಡು ರೆಕ್ಕೆ ಹಿಡಿದು ಅಲುಗಿಸಬೇಕು. ಕಟಕಟ ಆಡಿದರೆ ಬೇರಿಂಗ್ ಸವೆದಿದೆ. ಕೈಯಲ್ಲಿ ತಿರುಗಿಸಿದಾಗ ಮರಳು ಅರೆದಂತೆ ತಾಗಿದರೂ ಅದೇ.

ಕಾರಿನವನು: ಆ ತೂತನ್ನು ಎಂ-ಸೀಲ್ ಹಾಕಿ ಮುಚ್ಚಿಸಿದವರಿದ್ದಾರೆ. ಸೋರಿಕೆ ನಿಲ್ಲುತ್ತದಂತೆ.

ಮೇಸ್ತ್ರಿ: ಸೋರಿಕೆ ಕಣ್ಣಿಗೆ ಕಾಣುವುದು ನಿಲ್ಲುತ್ತದೆ, ಅಷ್ಟೆ. ನೀರು ಬೇರಿಂಗಿನ ಗ್ರೀಸನ್ನು ತೊಳೆದುಹಾಕುತ್ತದೆ. ಬೇರಿಂಗ್ ಒಡೆದ ದಿನ ಶಾಫ್ಟು ಓಲಾಡಿ ಫ್ಯಾನು ರೇಡಿಯೇಟರಿಗೆ ಬಡಿಯುತ್ತದೆ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ರೇಡಿಯೇಟರ್ ಕಳೆದುಕೊಂಡ ಹಾಗೆ. ಸೋರುವ ರೇಡಿಯೇಟರಿಗೆ ಅರಿಸಿನ ಪುಡಿ ಹಾಕುವುದೂ ಇದೇ ಜಾತಿಯ ವೈದ್ಯ. ಪುಡಿ ತೂತನ್ನು ಹುಡುಕಿಕೊಂಡು ಹೋಗುವುದಿಲ್ಲ. ಕಿರಿದಾದ ಕೊಳವೆಗಳಲ್ಲಿ, ಸೀಲಿನ ಮುಖದಲ್ಲಿ, ಎಲ್ಲೆಂದರಲ್ಲಿ ಕೂರುತ್ತದೆ.

ಪಂಪಿನ ಇನ್ನೊಂದು ದೋಷ ಹೊರಗಿನಿಂದ ಕಾಣುವುದೇ ಇಲ್ಲ. ಸೀಲು, ಬೇರಿಂಗ್ ಎರಡೂ ಗಟ್ಟಿಯಾಗಿದ್ದು ಇಂಪೆಲ್ಲರಿನ ರೆಕ್ಕೆಗಳು ತುಕ್ಕು ತಿಂದು ಮೊಂಡಾಗಿರಬಹುದು, ಇಲ್ಲವೇ ಇಂಪೆಲ್ಲರ್ ಶಾಫ್ಟಿನ ಮೇಲೆ ಸಡಿಲಾಗಿ ಜಾರುತ್ತಿರಬಹುದು. ಅಂಥ ಪಂಪು ಹನಿ ಸೋರುವುದಿಲ್ಲ, ಸದ್ದು ಮಾಡುವುದಿಲ್ಲ, ನೀರನ್ನೂ ತಳ್ಳುವುದಿಲ್ಲ. ಉಳಿದೆಲ್ಲ ಸರಿಯಿದ್ದೂ ಎಂಜಿನ್ ಕಾಯುತ್ತಿದ್ದರೆ ಪಂಪನ್ನು ಬಿಚ್ಚಿ ರೆಕ್ಕೆ ನೋಡುವುದೊಂದೇ ದಾರಿ. ಬಿಚ್ಚಿದ ಪಂಪನ್ನು ಎಸೆಯಬಾರದು. ಹೊಸದನ್ನು ಆರಿಸಲು ಅದಕ್ಕಿಂತ ಒಳ್ಳೆಯ ಕ್ಯಾಟಲಾಗ್ ಇಲ್ಲ.

ಕಾರಿನವನು: ಅಂಗಡಿಯಲ್ಲಿ 'ಅಂಬಾಸಿಡರ್ ಪಂಪ್' ಎಂದರೆ ಸಾಕಲ್ಲವೇ? ಎಷ್ಟೋ ವರ್ಷ ಒಂದೇ ಕಾರು ಮಾಡಿದರು.

ಮೇಸ್ತ್ರಿ: ಬಾಡಿ ಒಂದೇ ಥರ ಕಂಡಿತು, ಎಂಜಿನ್ ಒಂದೇ ಆಗಿರಲಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರನ್ನು ಆಧರಿಸಿ ಹಿಂದೂಸ್ತಾನ್ ಮೋಟರ್ಸ್ 1957ರಲ್ಲಿ ಅಂಬಾಸಿಡರ್ ತಂದಾಗ ಅದರಲ್ಲಿದ್ದದ್ದು 1476 ಸಿ.ಸಿ.ಯ ಸೈಡ್‌ವಾಲ್ವ್ ಎಂಜಿನ್. 1959ರಲ್ಲಿ ಬಿ.ಎಂ.ಸಿ. ಕಂಪನಿಯ ಬಿ-ಸೀರೀಸ್ ಓವರ್‌ಹೆಡ್ ವಾಲ್ವ್ ಎಂಜಿನ್, 1489 ಸಿ.ಸಿ., ಬಂತು. ಮಾರ್ಕ್ 2, 3, 4 ಕಾಲದ ಪೆಟ್ರೋಲ್ ಕಾರುಗಳಲ್ಲಿ ಇರುವುದು ಇದೇ. ಆಮೇಲೆ ಡೀಸೆಲ್ ಬಂತು. 1990ರ ದಶಕದಲ್ಲಿ ಇಸುಜು ಮೂಲದ 1.8 ಲೀಟರ್ ಪೆಟ್ರೋಲ್ ಎಂಜಿನ್ ಬಂತು, ಅದರ ಪಂಪಿಗೂ ಬಿ-ಸೀರೀಸ್ ಪಂಪಿಗೂ ಸಂಬಂಧವಿಲ್ಲ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರ ಮೇ ತಿಂಗಳಲ್ಲಿ ಉತ್ಪಾದನೆ ನಿಂತಿತು. ಅಷ್ಟು ವರ್ಷಗಳ ಕಾರುಗಳಿಗೆಲ್ಲ ಒಂದೇ ಹೆಸರು, ಅಂಗಡಿಯವನ ತಲೆನೋವು ಅದೇ. ಇದರ ಮೇಲೆ, ಪೆಟ್ರೋಲ್ ದುಬಾರಿಯಾದಾಗ ಹಳ್ಳಿಗಳ ಎಷ್ಟೋ ಅಂಬಾಸಿಡರ್‌ಗಳಿಗೆ ಬೇರೆ ವಾಹನಗಳ ಡೀಸೆಲ್ ಎಂಜಿನ್ ಕೂರಿಸಿದರು. ಕಾರಿನ ವರ್ಷ ಹೇಳಿ ಪಂಪು ಕೇಳಿದರೆ ಪ್ರಯೋಜನವಿಲ್ಲ. ಬ್ಲಾಕಿನ ಮೇಲಿನ ಎಂಜಿನ್ ನಂಬರ್ ಓದಬೇಕು, ಆರ್.ಸಿ. ಪುಸ್ತಕದ ನಂಬರಿಗೆ ಅದು ಹೊಂದುತ್ತದೆಯೇ ನೋಡಬೇಕು.

ಹಳೆಯ ಕಾರು ಎಂದಾಗ ಜೊತೆಗೇ ನೆನಪಾಗುವ ಪ್ರೀಮಿಯರ್ ಪದ್ಮಿನಿಗೂ ಇದೇ ಮಾತು ಸಲ್ಲುತ್ತದೆ. ಅದರ ಫಿಯೆಟ್ ಎಂಜಿನ್ 1089 ಸಿ.ಸಿ.ಯದು; ಪಂಪು ಪೂರ್ತಿ ಬೇರೆ. ವಾಲ್ಚಂದ್ ಹೀರಾಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟುವ ಮೊದಲು, 1930ರ ದಶಕದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಕಾರು ಕಾರ್ಖಾನೆಯ ಯೋಜನೆ ರೂಪಿಸಿ ವಿದೇಶಗಳನ್ನು ಸುತ್ತಿ ಬಂದಿದ್ದರು. ಮೈಸೂರು ಸಂಸ್ಥಾನದಲ್ಲಿ ಅದನ್ನು ಆರಂಭಿಸುವ ಪ್ರಯತ್ನಕ್ಕೆ ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಸಿಕ್ಕಿದ್ದರೆ ಇವತ್ತು ಹಳೆಯ ಪಂಪಿನ ಅಚ್ಚುಗಳು ಬೆಂಗಳೂರಿನಲ್ಲೇ ಇರುತ್ತಿದ್ದವೋ ಏನೋ.

ಕಾರಿನವನು: ನಮ್ಮದು ಬಿ-ಸೀರೀಸ್ ಪೆಟ್ರೋಲೇ, ನಂಬರೂ ಹೊಂದುತ್ತದೆ. ಇನ್ನು ಏನು ಅಳೆಯಬೇಕು?

ಮೇಸ್ತ್ರಿ: ಮೊದಲು ಎತ್ತರ. ಬ್ಲಾಕಿಗೆ ಕೂರುವ ಮುಖದಿಂದ, ಪುಲ್ಲಿ ಕೂರುವ ಹಬ್‌ನ ಮುಖದವರೆಗಿನ ದೂರ. ವರ್ನಿಯರ್ ಕ್ಯಾಲಿಪರ್ ಸಾಕಾಗದಿದ್ದರೆ ಪಂಪನ್ನು ಸಪಾಟಾದ ಗಾಜಿನ ಮೇಲೆ ಮುಖ ಕೆಳಗೆ ಮಾಡಿಟ್ಟು ಸ್ಕೇಲಿನಿಂದ ಅಳೆಯಬಹುದು. ಇಂಪೆಲ್ಲರ್ ಮುಖಕ್ಕಿಂತ ಹೊರಚಾಚಿದ್ದರೆ ಎರಡು ಸಮ ದಪ್ಪದ ಪಟ್ಟಿಗಳ ಮೇಲಿಟ್ಟು ಆ ದಪ್ಪ ಕಳೆಯಬೇಕು. ಬಿ-ಸೀರೀಸ್ ಕುಟುಂಬದಲ್ಲೇ ಮೂತಿ ಉದ್ದವಾದ ಪಂಪೂ ಇದೆ, ಗಿಡ್ಡವಾದದ್ದೂ ಇದೆ. ಬೋಲ್ಟಿನ ತೂತುಗಳು ಹೊಂದಿದ ಮಾತ್ರಕ್ಕೆ ಪಂಪು ಹೊಂದಿತು ಎನ್ನುವ ಹಾಗಿಲ್ಲ. ಮೂತಿ ಉದ್ದವಾದರೆ ಫ್ಯಾನು ರೇಡಿಯೇಟರಿಗೆ ತಾಗುತ್ತದೆ. ಗಿಡ್ಡವಾದರೆ ಪಂಪಿನ ಪುಲ್ಲಿ ಹಿಂದೆ ಸರಿದು, ಕ್ರ್ಯಾಂಕ್ ಪುಲ್ಲಿ, ಡೈನಮೊ ಪುಲ್ಲಿಗಳ ಸಾಲು ತಪ್ಪುತ್ತದೆ. ಬೆಲ್ಟು ಒಂದು ಪಕ್ಕಕ್ಕೆ ಉಜ್ಜಿ ಕರಿಪುಡಿ ಉದುರಿಸುತ್ತದೆ. ಬೇರಿಂಗಿಗೆ ಓರೆ ಎಳೆತ ಬೀಳುತ್ತದೆ.

ಕಾರಿನವನು: ನಡುವೆ ವಾಷರ್ ಹಾಕಿ ಸರಿಮಾಡಬಹುದಲ್ಲ?

ಮೇಸ್ತ್ರಿ: ತೆಳುವಾದ ವ್ಯತ್ಯಾಸಕ್ಕೆ ಸರಿಯಾಗಿ ಕಡೆದ ಸ್ಪೇಸರ್ ಹಾಕಬಹುದು. ನಾಲ್ಕು ಬೋಲ್ಟಿಗೂ ಬಿಡಿ ವಾಷರ್ ಸೇರಿಸಿದರೆ ಪುಲ್ಲಿ ಓರೆಯಾಗಿ ತಿರುಗುತ್ತದೆ. ಎರಡನೆಯದು ಹಬ್‌ನ ಬೋಲ್ಟು ತೂತುಗಳ ಅಂತರ ಮತ್ತು ನಡುವಿನ ಉಬ್ಬಿನ ವ್ಯಾಸ. ಪುಲ್ಲಿಯೂ ಫ್ಯಾನೂ ಕೇಂದ್ರಕ್ಕೆ ಕೂರುವುದು ಆ ಉಬ್ಬಿನ ಮೇಲೆಯೇ. ಅದು ಒಂದಿಷ್ಟು ಚಿಕ್ಕದಾದರೂ ಫ್ಯಾನು ಕೇಂದ್ರ ತಪ್ಪಿ ಎಂಜಿನ್ ಅದುರುತ್ತದೆ. ಮೂರನೆಯದು ಇಂಪೆಲ್ಲರ್: ಅದರ ವ್ಯಾಸ, ರೆಕ್ಕೆಗಳ ಎತ್ತರ, ಬಾಗಿರುವ ದಿಕ್ಕು. ಹೋಸು ಏರುವ ಮೂತಿಯ ವ್ಯಾಸವನ್ನೂ ನೋಡಬೇಕು. ಗ್ಯಾಸ್ಕೆಟ್ ಇಟ್ಟು ತೂತುಗಳ ಮೇಲೆ ತೂತುಗಳು ಕೂರುತ್ತವೆಯೇ ನೋಡಿದರೆ ಉಳಿದದ್ದೂ ಮುಗಿಯಿತು.

ಕಾರಿನವನು: ಇಂಪೆಲ್ಲರ್‌ನಲ್ಲಿ ಎರಕದ್ದು, ತಗಡಿನದು ಎಂದು ಬೇರೆ ಬೇರೆ ಸಿಗುತ್ತವೆ. ವ್ಯತ್ಯಾಸ ಇದೆಯೇ?

ಮೇಸ್ತ್ರಿ: ಇದು ಹೊಲಕ್ಕೆ ನೀರೆತ್ತುವ ಪಂಪ್‌ಸೆಟ್ಟಿನಂಥದೇ ಯಂತ್ರ. ನಡುವೆ ಬಂದ ನೀರನ್ನು ರೆಕ್ಕೆ ಸುತ್ತ ಎಸೆಯುತ್ತದೆ, ಎಸೆದ ನೀರು ಬಾಡಿಯ ಗೋಡೆಯುದ್ದಕ್ಕೂ ಒತ್ತಡ ಹೊತ್ತು ಹೊರಡುತ್ತದೆ. ಪಂಪ್‌ಸೆಟ್ಟಿನಲ್ಲಿ ಗಾಳಿ ಸೇರಿದರೆ ನೀರು ಏಳುವುದಿಲ್ಲ, ಇಲ್ಲೂ ಹಾಗೆಯೇ. ರೆಕ್ಕೆಗೂ ಗೋಡೆಗೂ ನಡುವೆ ಇರುವ ಸಂದು ದೊಡ್ಡದಾದರೆ ನೀರು ಅಲ್ಲೇ ಹಿಂದಕ್ಕೆ ಜಾರುತ್ತದೆ. ಆ ಸಂದು ಒಂದು ಮಿಲಿಮೀಟರಿಗಿಂತ ಕಡಿಮೆ ಇರಬೇಕು. ಎರಕದ ಇಂಪೆಲ್ಲರಿನಲ್ಲಿ ರೆಕ್ಕೆ ದಪ್ಪ, ಆಕಾರ ಖಚಿತ. ಒತ್ತಿದ ತಗಡಿನದು ಹಗುರ ಮತ್ತು ಅಗ್ಗ. ಚೆನ್ನಾಗಿ ಮಾಡಿದ್ದರೆ ಕೆಲಸ ಮಾಡುತ್ತದೆ, ಆದರೆ ಉಪ್ಪುನೀರಿಗೆ ಬೇಗ ತೆಳುವಾಗುತ್ತದೆ. ಈ ಸೀಮೆಗೆ ಎರಕದ್ದೇ ವಾಸಿ.

ಕಾರಿನವನು: ಹೆಚ್ಚು ನೀರು ತಳ್ಳುವ ಪಂಪು ಹಾಕಿದರೆ ಬಿಸಿಲಿಗೆ ಇನ್ನೂ ಒಳ್ಳೆಯದಲ್ಲವೇ? ಕೆಲವರು ತಿರುವುಮುರುವು ಹೇಳುತ್ತಾರೆ: ನೀರು ಬೇಗ ಓಡಿದರೆ ರೇಡಿಯೇಟರಿನಲ್ಲಿ ತಣ್ಣಗಾಗಲು ಸಮಯವೇ ಸಿಗುವುದಿಲ್ಲ ಎಂದು.

ಮೇಸ್ತ್ರಿ: ಎರಡನೆಯ ಮಾತು ತಪ್ಪು. ನೀರು ಸುತ್ತುತ್ತಲೇ ಇರುತ್ತದೆ, ಬೇಗ ಹೋದದ್ದು ಬೇಗ ಮರಳುತ್ತದೆ. ಹರಿವು ಹೆಚ್ಚಿದರೆ ಶಾಖ ಸಾಗುವುದೂ ಹೆಚ್ಚುತ್ತದೆ. ಹಾಗೆಂದು ಮೊದಲನೆಯದೂ ಸರಿಯಲ್ಲ. ಐವತ್ತು ಚಿಲ್ಲರೆ ಅಶ್ವಶಕ್ತಿಯ ಎಂಜಿನ್ನಿಗೆ ತಯಾರಕರು ಕೊಟ್ಟ ಪಂಪು ಸಾಲದೆ ಹೋಗುವುದಿಲ್ಲ. ಮುಚ್ಚಿಕೊಂಡ ರೇಡಿಯೇಟರಿಗೆ ದೊಡ್ಡ ಪಂಪು ಜೋಡಿಸಿದರೆ ಒತ್ತಡವಷ್ಟೇ ಏರುತ್ತದೆ, ಹಳೆಯ ಹೋಸು ಬಿರಿಯುತ್ತದೆ.

ಪಂಪು ಇಲ್ಲದೆಯೂ ಕಾರು ಓಡಿದ ಕಾಲವಿತ್ತು. ಫೋರ್ಡ್ ಮಾಡೆಲ್ ಟಿ 1908ರಲ್ಲಿ ಹೊರಬಂದಾಗ ಮೊದಲ ಸುಮಾರು 2,500 ಕಾರುಗಳಲ್ಲಿ ಪಂಪು ಇತ್ತು. ಆಮೇಲೆ ಕಂಪನಿ ಅದನ್ನು ತೆಗೆದುಹಾಕಿತು. ಬಿಸಿನೀರು ಹಗುರಾಗಿ ಮೇಲೇರಿ, ರೇಡಿಯೇಟರಿನಲ್ಲಿ ತಣ್ಣಗಾಗಿ ಕೆಳಗಿಳಿಯುವ ಸಹಜ ಸುತ್ತಾಟದಿಂದಲೇ ಆ ಎಂಜಿನ್ ತಣ್ಣಗಾಗುತ್ತಿತ್ತು. ಎಂಜಿನ್ನಿನ ಶಕ್ತಿ ಏರಿದಂತೆ ಆ ಮಂದಗತಿಯ ಸುತ್ತಾಟ ಸಾಲದಾಗಿ ಪಂಪು ಅನಿವಾರ್ಯವಾಯಿತು. ಬೆಲ್ಟಿಗೆ ಕಟ್ಟಿದ ಪಂಪಿನ ಕೊರತೆ ಒಂದೇ: ಎಂಜಿನ್ ನಿಧಾನವಾದರೆ ಅದೂ ನಿಧಾನವಾಗುತ್ತದೆ. ನೆಲ್ಲು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ಎರಡನೆಯ ಗೇರಿನಲ್ಲಿ ತೆವಳುವಾಗ ಸೂಜಿ ಏರುವುದು ಅದಕ್ಕೇ. ಪಂಪೂ ಮಂದ, ಫ್ಯಾನೂ ಮಂದ, ಎದುರುಗಾಳಿಯೂ ಇಲ್ಲ.

ಕಾರಿನವನು: ಫ್ಯಾನು ತೆಗೆದು ಎಲೆಕ್ಟ್ರಿಕ್ ಫ್ಯಾನು ಹಾಕಿದರೆ?

ಮೇಸ್ತ್ರಿ: ಪಂಪಿನ ಬೇರಿಂಗಿಗೆ ಭಾರ ಇಳಿಯುತ್ತದೆ, ಅದು ಲಾಭ. ಆದರೆ ಹಳೆಯ ಲೂಕಾಸ್ ಮಾದರಿಯ ಡೈನಮೊ ಕೊಡುವುದು ಇಪ್ಪತ್ತು ಆಂಪಿಯರ್ ಆಸುಪಾಸು, ಅದೂ ಎಂಜಿನ್ ಓಡುವಾಗ. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ನಿಧಾನ ಹೋಗುವಾಗ ಫ್ಯಾನಿಗೂ ಕರೆಂಟು ಸಾಲುವುದಿಲ್ಲ. ಆಲ್ಟರ್ನೇಟರ್ ಇಲ್ಲದೆ ಆ ಯೋಚನೆ ಬೇಡ. ಇನ್ನೊಂದು: ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಕಾರನ್ನು ಮೂಲ ರೂಪದಲ್ಲೇ ಉಳಿಸಿಕೊಂಡಿದ್ದರೆ ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರದ ನಿಯಮ 2021ರಲ್ಲಿ ಬಂದಿದೆ. ಅಂಥ ಉದ್ದೇಶ ಇದ್ದವರು ಎಂಜಿನ್ನಿನ ಸುತ್ತ ಕಂಡದ್ದೆಲ್ಲ ಬದಲಿಸಬಾರದು. ಪಂಪು ಸವೆಯುವ ಭಾಗ, ಅದರ ಬದಲಾವಣೆಗೆ ಅಡ್ಡಿಯಿಲ್ಲ.

ಕಾರಿನವನು: ಅಂಗಡಿಗಳಲ್ಲಿ ನಾಲ್ಕು ಥರ ಸಿಗುತ್ತವೆ. ಹಳೆಯ ಕಂಪನಿ ಸ್ಟಾಕು ಎಂದು ಪ್ಯಾಕ್ ಒಡೆಯದ್ದು, ಈಗಿನ ಹೊಸ ತಯಾರಿಕೆ, ಗುಜರಿ ಪಂಪು, ಇಂಗ್ಲೆಂಡಿನಿಂದ ತರಿಸುವುದು.

ಮೇಸ್ತ್ರಿ: ಹಳೆಯ ಸ್ಟಾಕಿನ ಎರಕ ಒಳ್ಳೆಯದು, ಸಂಶಯವಿಲ್ಲ. ಆದರೆ ದಶಕಗಟ್ಟಲೆ ಕಪಾಟಿನಲ್ಲಿ ಕೂತ ರಬ್ಬರು ಗಟ್ಟಿಯಾಗಿರುತ್ತದೆ, ಬೇರಿಂಗಿನ ಗ್ರೀಸು ಮೇಣವಾಗಿರುತ್ತದೆ. ಹೊಸ ಡಬ್ಬಿಯಲ್ಲಿದೆ ಎಂದು ಹಾಗೇ ಹಾಕಿದರೆ ಮೊದಲ ಬೇಸಿಗೆಯಲ್ಲೇ ಸೋರಬಹುದು. ಸೀಲು, ಬೇರಿಂಗ್ ಬದಲಿಸಿಯೇ ಹಾಕಬೇಕು. ಇಂಗ್ಲೆಂಡಿನಲ್ಲಿ ಎಂ.ಜಿ. ಕಾರುಗಳ ಅಭಿಮಾನಿಗಳು ಹೇರಳ. ಎಂ.ಜಿ.ಎ. 1500ರಲ್ಲಿ ಇದ್ದದ್ದು ಇದೇ 1489 ಸಿ.ಸಿ. ಎಂಜಿನ್, ಎಂ.ಜಿ.ಬಿ.ಯದು ಅದರದೇ ಅಣ್ಣ, 1798 ಸಿ.ಸಿ. ಹಾಗಾಗಿ ಬಿ-ಸೀರೀಸ್ ಪಂಪುಗಳು ಅಲ್ಲಿ ಈಗಲೂ ತಯಾರಾಗುತ್ತವೆ. ಆದರೆ ಮೂತಿಯ ಉದ್ದದ ಗೊಂದಲ ಹೆಚ್ಚಾಗಿರುವುದೂ ಅಲ್ಲೇ. ಅಳತೆ ಕೈಯಲ್ಲಿ ಇಲ್ಲದೆ ತರಿಸಿದರೆ ಹಿಂದಿರುಗಿಸುವ ಖರ್ಚು ಪಂಪಿನ ಬೆಲೆಗೆ ಸಮ. ಈಗಿನ ಹೊಸ ತಯಾರಿಕೆಯಲ್ಲಿ ಚೆನ್ನಾಗಿರುವುದೂ ಉಂಟು, ಕೆಟ್ಟದ್ದೂ ಉಂಟು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ, ಬಳ್ಳಾರಿಯಲ್ಲಿ ಕೊಂಡರೂ ಕೌಂಟರಿನ ಮೇಲೆಯೇ ಪರೀಕ್ಷಿಸಬೇಕು. ಹಬ್ ಕೈಯಲ್ಲಿ ತಿರುಗಿಸಿದರೆ ಸಮನಾಗಿ, ತುಸು ಬಿಗಿಯಾಗಿ ತಿರುಗಬೇಕು. ಎಲ್ಲೋ ಒಂದು ಕಡೆ ಮಾತ್ರ ಬಿಗಿಯಾದರೆ ರೆಕ್ಕೆ ಗೋಡೆಗೆ ತಾಗುತ್ತಿದೆ. ಗ್ಯಾಸ್ಕೆಟ್ ಮುಖಕ್ಕೆ ಸ್ಕೇಲ್ ಆನಿಸಿ ಬೆಳಕಿಗೆ ಹಿಡಿದರೆ ಸಂದಿನಲ್ಲಿ ಬೆಳಕು ತೂರಬಾರದು. ಸೋರುತೂತು ನಿಜವಾಗಿಯೂ ಕೊರೆದಿದೆಯೇ ಎಂದು ಕಡ್ಡಿ ಹಾಕಿ ನೋಡಬೇಕು; ಕೆಲವು ಎರಕಗಳಲ್ಲಿ ಗುಳಿ ಮಾತ್ರ ಇರುತ್ತದೆ, ಆಚೆ ಬದಿಗೆ ಹಾಯುವುದಿಲ್ಲ.

ಕಾರಿನವನು: ಗುಜರಿ ಪಂಪು?

ಮೇಸ್ತ್ರಿ: ಪಂಪೆಂದು ಕೊಳ್ಳಬಾರದು, ಬಾಡಿ ಎಂದು ಕೊಳ್ಳಬಹುದು. ಅದೇ ಐದನೆಯ ದಾರಿ, ಹಳೆಯ ಬಾಡಿಗೆ ಹೊಸ ಒಳಭಾಗ. ಕಿಟ್ ಸಿಗುತ್ತದೆ: ಶಾಫ್ಟ್ ಸಮೇತ ಬೇರಿಂಗ್, ಸೀಲು, ಗ್ಯಾಸ್ಕೆಟ್. ಸ್ವಂತ ಕಾರಿನ ಬಾಡಿ ಗಟ್ಟಿಯಿದ್ದರೆ ಇದೇ ಎಲ್ಲಕ್ಕಿಂತ ಒಳ್ಳೆಯ ಆಯ್ಕೆ. ಎತ್ತರ, ತೂತು, ಮೂತಿ ಯಾವುದನ್ನೂ ಹೊಸದಾಗಿ ಹೊಂದಿಸಬೇಕಾಗಿಲ್ಲ.

ಲೇತಿನವನು: ಬಾಡಿ ಗಟ್ಟಿಯೋ ಅಲ್ಲವೋ ಬೇರಿಂಗ್ ತೆಗೆದ ಮೇಲೆಯೇ ಗೊತ್ತಾಗುವುದು. ಬೇರಿಂಗಿನ ಹೊರರಿಂಗು ಬಾಡಿಯೊಳಗೆ ತಿರುಗಿದ್ದರೆ ಆ ಬೋರು ಹೊಳೆಯುತ್ತಿರುತ್ತದೆ, ಅಂಡಾಕಾರವಾಗಿರುತ್ತದೆ. ಅಂಥದಕ್ಕೆ ಹೊಸ ಬೇರಿಂಗ್ ಹಾಕಿದರೆ ನಿಲ್ಲುವುದಿಲ್ಲ. ಬೋರನ್ನು ದೊಡ್ಡದು ಮಾಡಿ ಸ್ಲೀವ್ ಹಾಕಬೇಕು, ಇಲ್ಲವೇ ಬಾಡಿ ಬಿಡಬೇಕು. ಗ್ಯಾಸ್ಕೆಟ್ ಮುಖದಲ್ಲಿ ತುಕ್ಕಿನ ಗುಳಿ ಇದ್ದರೆ ಒಂದು ಕಟ್ ಹೊಡೆಯಬಹುದು, ಆದರೆ ಎಷ್ಟು ಸವರಿದರೆ ಅಷ್ಟು ಎತ್ತರ ಇಳಿಯುತ್ತದೆ, ರೆಕ್ಕೆಯ ಸಂದೂ ಬದಲಾಗುತ್ತದೆ.

ಕಾರಿನವನು: ಬೇರಿಂಗನ್ನು ಸುತ್ತಿಗೆಯಿಂದ ಹೊಡೆದು ತೆಗೆಯುವುದೇ ಎಲ್ಲ ಕಡೆ ವಾಡಿಕೆ.

ಲೇತಿನವನು: ಹೊಡೆಯುವುದು ಯಾವುದರ ಮೇಲೆ ಎಂಬುದು ಮುಖ್ಯ. ಹಳೆಯದನ್ನು ತೆಗೆಯುವಾಗಲೂ ಪ್ರೆಸ್ ಒಳ್ಳೆಯದು, ಎರಕದ ಬಾಡಿ ಬಿರುಕು ಬಿಡುವುದಿಲ್ಲ. ಈ ಮಾದರಿಯ ಬಹಳ ಪಂಪುಗಳಲ್ಲಿ ಬೇರಿಂಗ್ ಜರುಗದಂತೆ ಬಾಡಿಯ ತೂತಿನೊಳಗೆ ಒಂದು ತಂತಿ ಸಿಕ್ಕಿಸಿರುತ್ತಾರೆ. ಮೊದಲು ಇಕ್ಕಳದಲ್ಲಿ ಆ ತಂತಿ ಎಳೆಯಬೇಕು. ಅದನ್ನು ಗಮನಿಸದೆ ಒತ್ತಿದವರೇ ಬಾಡಿ ಸೀಳಿಸುವುದು. ಹೊಸದನ್ನು ಕೂರಿಸುವಾಗ ಹೊರರಿಂಗಿನ ಮೇಲೆ ಮಾತ್ರ ಒತ್ತಡ ಬೀಳಬೇಕು. ಶಾಫ್ಟಿನ ತುದಿಗೆ ಒತ್ತಿದರೆ ಒಳಗಿನ ಗುಂಡುಗಳು ದಾರಿಯಲ್ಲಿ ಕಚ್ಚು ಮೂಡಿಸುತ್ತವೆ, ಆ ಬೇರಿಂಗ್ ಹುಟ್ಟುವಾಗಲೇ ಸತ್ತಂತೆ. ಗ್ರೀಸ್ ತೂತು ಇರುವ ಪಂಪಾದರೆ ಬೇರಿಂಗಿನ ತೂತು ಬಾಡಿಯ ತೂತಿಗೆ ಸರಿಯಾಗಿ ಎದುರಾಗಬೇಕು. ಆಮೇಲೆ ಹಬ್. ಅದನ್ನು ಶಾಫ್ಟಿನ ತುದಿಗೆ ಸಮವಾಗುವವರೆಗೆ ಒತ್ತಬೇಕು, ಒತ್ತುವಾಗ ಶಾಫ್ಟಿನ ಆಚೆ ತುದಿಗೆ ಆಧಾರ ಕೊಟ್ಟಿರಬೇಕು. ಹಬ್ ಕೈಯಲ್ಲಿ ತಳ್ಳಿದರೆ ಏರುವಷ್ಟು ಸಡಿಲವಾಗಿದ್ದರೆ ಅದು ನಿರುಪಯೋಗಿ. ವೆಲ್ಡಿಂಗ್ ಹಾಕಿ ನಿಲ್ಲಿಸುವುದೂ ಬೇಡ, ಆ ಶಾಖಕ್ಕೆ ಗ್ರೀಸು ಸುಡುತ್ತದೆ.

ಕಾರಿನವನು: ಸೀಲಿನಲ್ಲಿ ಆಯ್ಕೆ ಏನಾದರೂ ಇದೆಯೇ?

ಲೇತಿನವನು: ಇದೆ. ಸೀಲು ಎಂದರೆ ಎರಡು ನುಣುಪಾದ ಮುಖಗಳು ಒಂದಕ್ಕೊಂದು ಒತ್ತಿಕೊಂಡು ತಿರುಗುವುದು. ಒಂದು ಕಾರ್ಬನ್, ಇನ್ನೊಂದು ಸೆರಾಮಿಕ್. ಹಿಂದೆ ಸ್ಪ್ರಿಂಗು, ರಬ್ಬರು. ಕಿಟ್ ಬಿಚ್ಚಿದಾಗ ಆ ಮುಖಗಳಿಗೆ ಬೆರಳು ತಾಗಿಸಬಾರದು, ಗ್ರೀಸು ಸವರಬಾರದು. ಹಳೆಯ ಎಂಜಿನ್ನುಗಳ ಅಗ್ಗದ ಕಿಟ್‌ಗಳಲ್ಲಿ ಕಾರ್ಬನ್ ಮುಖ ನೇರವಾಗಿ ಎರಕದ ಮೇಲೆ ಉಜ್ಜುವಂಥದೂ ಬರುತ್ತದೆ, ಅದು ಎರಕದಲ್ಲಿ ತೋಡು ಮಾಡುತ್ತದೆ. ಸೆರಾಮಿಕ್ ಜೋಡಿ ಇರುವುದನ್ನೇ ಕೇಳಬೇಕು. ಕೊನೆಗೆ ಇಂಪೆಲ್ಲರ್ ಒತ್ತಿ, ಫೀಲರ್ ಗೇಜ್ ತೂರಿಸಿ ಸಂದು ನೋಡಿದರೆ ಕೆಲಸ ಮುಗಿಯಿತು.

ಮೇಸ್ತ್ರಿ: ಆ ಎರಡು ಮುಖಗಳ ನಡುವೆ ನೀರಿನ ತೆಳುಪದರ ಇರುವುದರಿಂದಲೇ ಅವು ಸುಡದೆ ಉಳಿಯುವುದು. ಆದ್ದರಿಂದ ಪಂಪು ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಡಬ್ಬಿಯ ಮೇಲಿನ ಹೆಸರಿಗಿಂತ ಹೆಚ್ಚಾಗಿ ರೇಡಿಯೇಟರಿಗೆ ಹಾಕುವ ನೀರು ನಿರ್ಧರಿಸುತ್ತದೆ. ಬೋರ್‌ವೆಲ್ ನೀರಿನ ಸುಣ್ಣ ಸೀಲಿನ ಮುಖದಲ್ಲಿ ಕಟ್ಟಿಕೊಳ್ಳುತ್ತದೆ, ಉಪ್ಪು ರೆಕ್ಕೆ ತಿನ್ನುತ್ತದೆ. ಕಾಲುವೆಯ ನೀರಿನ ನುಣ್ಣನೆಯ ಮಣ್ಣು ಸೀಲಿಗೆ ಉಪ್ಪುಕಾಗದದ ಹಾಗೆ ಕೆಲಸ ಮಾಡುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಇದಕ್ಕಿಂತ ಎಷ್ಟೋ ಮೇಲು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಿಕ್ಕರೆ ಅದೇ ಇರಲಿ.

ಕಾರಿನವನು: ಶುದ್ಧ ನೀರಾದರೆ ಕೂಲಂಟ್ ಯಾಕೆ? ಇಲ್ಲಿ ನೀರು ಹೆಪ್ಪುಗಟ್ಟುವ ಚಳಿಯೇ ಇಲ್ಲವಲ್ಲ.

ಮೇಸ್ತ್ರಿ: ಹೆಪ್ಪುಗಟ್ಟದಿರಲಿ ಎಂದು ಅಲ್ಲ. ಬ್ಲಾಕು ಕಬ್ಬಿಣ, ಥರ್ಮೋಸ್ಟ್ಯಾಟಿನ ಮುಚ್ಚಳ ಅಲ್ಯೂಮಿನಿಯಂ, ರೇಡಿಯೇಟರು ಹಿತ್ತಾಳೆ ತಾಮ್ರ, ಬೆಸುಗೆ ಸೀಸ. ಇಷ್ಟು ಲೋಹಗಳನ್ನು ಬರೀ ನೀರಿನಲ್ಲಿ ಮುಳುಗಿಸಿಟ್ಟರೆ ಒಂದು ಇನ್ನೊಂದನ್ನು ಕರಗಿಸುತ್ತದೆ, ನೀರು ಶುದ್ಧವಾಗಿದ್ದರೂ. ಕೂಲಂಟ್‌ನಲ್ಲಿರುವ ತುಕ್ಕುನಿರೋಧಕ ಅದನ್ನು ತಡೆಯುತ್ತದೆ. ಹೊಸ ಪಂಪಿನ ಬಾಡಿ ಅಲ್ಯೂಮಿನಿಯಂದಾದರೆ ಕೂಲಂಟ್ ಇಲ್ಲದೆ ಆಗುವುದೇ ಇಲ್ಲ. ಈ ಬಿಸಿಲಿಗೆ ಮೂವತ್ತು ಭಾಗ ಕೂಲಂಟ್, ಎಪ್ಪತ್ತು ಭಾಗ ನೀರು ಸಾಕು. ಕೂಲಂಟ್ ಹೆಚ್ಚಾದಷ್ಟೂ ಶಾಖ ಹೊರುವ ಶಕ್ತಿ ಕಡಿಮೆಯಾಗುತ್ತದೆ. ಹಿತ್ತಾಳೆ ರೇಡಿಯೇಟರಿಗೆ ಹಳೆಯ ಬಗೆಯ ಹಸಿರು ಕೂಲಂಟ್ ಹೊಂದುತ್ತದೆ. ಹೊಸ ಕಾರುಗಳ ದೀರ್ಘಬಾಳಿಕೆಯ ಕೂಲಂಟ್ ಸೀಸದ ಬೆಸುಗೆಗೆ ಒಗ್ಗದಿರಬಹುದು.

ರೇಡಿಯೇಟರಿನ ಮುಚ್ಚಳವೂ ಈ ಲೆಕ್ಕಕ್ಕೆ ಸೇರಿದ್ದು. ಬಳ್ಳಾರಿ ಸಮುದ್ರಮಟ್ಟದಿಂದ ಐನೂರು ಮೀಟರಿನ ಆಸುಪಾಸಿನಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ನೂರು ಡಿಗ್ರಿಗೆ ಒಂದೂವರೆ ಡಿಗ್ರಿ ಮೊದಲೇ ಕುದಿಯುತ್ತದೆ. 7 ಪೌಂಡ್ ಒತ್ತಡದ ಮುಚ್ಚಳ ಸರಿಯಾಗಿ ಹಿಡಿದರೆ ಕುದಿಯುವ ಬಿಂದು 110 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಮುಚ್ಚಳದ ರಬ್ಬರು ಹರಿದಿದ್ದರೆ ಆ ಹತ್ತು ಹನ್ನೆರಡು ಡಿಗ್ರಿ ಕೈಬಿಟ್ಟಂತೆ. ಜೊತೆಗೆ, ಒತ್ತಡ ಕಡಿಮೆಯಾದಾಗ ಪಂಪಿನ ರೆಕ್ಕೆಗಳ ಹಿಂದೆ ನೀರು ಆವಿಯ ಗುಳ್ಳೆಯಾಗಿ ಒಡೆಯುತ್ತದೆ. ಒಡೆಯುವ ಗುಳ್ಳೆ ಲೋಹದಲ್ಲಿ ಗುಳಿ ಬೀಳಿಸುತ್ತದೆ. ಎಂಜಿನ್ನಿಗೆ ಎಷ್ಟು ಪೌಂಡು ಹೇಳಿದೆಯೋ ಅಷ್ಟರದೇ ಹೊಸ ಮುಚ್ಚಳ ಹಾಕಬೇಕು. ಹೆಚ್ಚಿನದು ಹಾಕಿದರೆ ಹಳೆಯ ರೇಡಿಯೇಟರ್ ಬೆಸುಗೆ ಬಿಡುತ್ತದೆ.

ಕಾರಿನವನು: ಥರ್ಮೋಸ್ಟ್ಯಾಟ್ ತೆಗೆದೇ ಓಡಿಸುವವರು ಈ ಸೀಮೆಯಲ್ಲಿ ಬಹಳ.

ಮೇಸ್ತ್ರಿ: ತೆಗೆದರೆ ಎಂಜಿನ್ ಬೆಳಗ್ಗೆ ಬಿಸಿಯಾಗಲು ತಡ, ಪೆಟ್ರೋಲ್ ಜಾಸ್ತಿ, ಸಿಲಿಂಡರ್ ಸವೆತ ಜಾಸ್ತಿ. ತೆರೆದಾಗ ಅದು ನೀರಿಗೆ ಅಡ್ಡ ಬರುವುದು ಅಷ್ಟಕ್ಕಷ್ಟೆ. ಪಂಪು ಬಿಚ್ಚಿದ ದಿನ ಬಿಸಿನೀರಿನ ಪಾತ್ರೆಯಲ್ಲಿ ಹಾಕಿ, ಅದರ ಮೇಲೆ ಬರೆದಿರುವ ಡಿಗ್ರಿಗೆ ತೆರೆಯುತ್ತದೆಯೇ ನೋಡಿ, ಸರಿಯಿದ್ದರೆ ವಾಪಸ್ ಹಾಕುವುದು.

ಕಾರಿನವನು: ಇನ್ನು ಜೋಡಿಸುವುದು.

ಮೇಸ್ತ್ರಿ: ಬಿಚ್ಚುವಾಗಲೇ ಅರ್ಧ ಕೆಲಸ. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರಬೇಕು. ತಲೆ ಮುರಿದರೆ ಬ್ಲಾಕಿನಿಂದ ತೆಗೆಯಲು ಒಂದು ದಿನ ಹೋಗುತ್ತದೆ. ಹಳೆಯ ಗ್ಯಾಸ್ಕೆಟನ್ನು ಪೂರ್ತಿ ಕೆರೆದು, ಬ್ಲಾಕಿನೊಳಗಿನ ಕೆಸರನ್ನು ಎರಡೂ ದಿಕ್ಕಿನಿಂದ ಪೈಪು ಬಿಟ್ಟು ತೊಳೆಯಬೇಕು. ಇದನ್ನು ಬಿಟ್ಟರೆ ಆ ಕೆಸರೆಲ್ಲ ಮೊದಲ ದಿನವೇ ಹೊಸ ಸೀಲಿನ ಮುಂದೆ ಹಾಯುತ್ತದೆ. ಗ್ಯಾಸ್ಕೆಟಿಗೆ ಪೇಸ್ಟು ತೆಳುವಾಗಿ ಮಾತ್ರ. ಹಿಂಡಿ ಒಳಗೆ ಬಿದ್ದ ಪೇಸ್ಟು ಗಟ್ಟಿಯಾಗಿ ರೇಡಿಯೇಟರ್ ಸೇರುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಎರಡೂ ಹೋಸು, ಬೆಲ್ಟು ಹೊಸದೇ ಇರಲಿ. ಫ್ಯಾನಿನ ರೆಕ್ಕೆಗಳನ್ನು ಒಂದೊಂದಾಗಿ ಒಂದೇ ಗುರುತಿನ ಎದುರು ತಿರುಗಿಸಿ ನೋಡಬೇಕು. ಒಂದು ಬಾಗಿದ್ದರೂ ಹೊಸ ಬೇರಿಂಗನ್ನು ಅದೇ ಹಾಳುಮಾಡುತ್ತದೆ.

ಕಾರಿನವನು: ಬೆಲ್ಟು ಎಷ್ಟು ಬಿಗಿ?

ಮೇಸ್ತ್ರಿ: ಉದ್ದನೆಯ ಭಾಗದ ನಡುವೆ ಹೆಬ್ಬೆರಳಿಟ್ಟು ಒತ್ತಿದರೆ ಸುಮಾರು ಅರ್ಧ ಇಂಚು ತಗ್ಗಬೇಕು. ಕಿರುಗುಟ್ಟದಿರಲಿ ಎಂದು ಸಲಾಕೆ ಹಾಕಿ ಬಿಗಿಯುವ ಅಭ್ಯಾಸವೇ ಪಂಪಿನ ಬೇರಿಂಗ್ ಬೇಗ ಹೋಗಲು ಕಾರಣ. ಹೊಸ ಬೆಲ್ಟು ಮೊದಲ ಕೆಲವು ದಿನ ಹಿಗ್ಗುತ್ತದೆ, ಮತ್ತೊಮ್ಮೆ ನೋಡಬೇಕು. ಗ್ರೀಸ್ ಪ್ಲಗ್ ಇರುವ ಪಂಪಿಗೆ ಗ್ರೀಸನ್ನು ಕೈಯಲ್ಲಿ ಸ್ವಲ್ಪ ತುಂಬಬೇಕೇ ಹೊರತು ಗನ್ ಹಿಡಿದು ಒತ್ತಬಾರದು. ಹೆಚ್ಚಾದದ್ದು ಸೀಲಿನ ಕಡೆಗೆ ನುಗ್ಗುತ್ತದೆ. ಪ್ಲಗ್ ಇಲ್ಲದ ಪಂಪಿಗೆ ಗ್ರೀಸೇ ಬೇಡ.

ಕಾರಿನವನು: ನೀರು ತುಂಬುವ ಮೊದಲು, ಸದ್ದು ಕೇಳಲು ಒಂದು ನಿಮಿಷ ಎಂಜಿನ್ ಹಾಕಿ ನೋಡಬಹುದೇ?

ಮೇಸ್ತ್ರಿ: ಬೇಡವೇ ಬೇಡ. ನೀರಿಲ್ಲದೆ ತಿರುಗಿದ ಸೀಲು ಆ ಒಂದು ನಿಮಿಷದಲ್ಲೇ ಹೋಗುತ್ತದೆ. ಮೊದಲು ತುಂಬಬೇಕು, ನಿಧಾನವಾಗಿ, ಕಾರಿನ ಮೂತಿ ತುಸು ಮೇಲಿರುವ ಜಾಗದಲ್ಲಿ ನಿಲ್ಲಿಸಿ. ಹೋಸುಗಳನ್ನು ಕೈಯಲ್ಲಿ ಹಿಂಡಿದರೆ ಗಾಳಿ ಗುಳುಗುಳು ಎಂದು ಹೊರಬರುತ್ತದೆ. ಮುಚ್ಚಳ ತೆಗೆದಂತೆಯೇ ಎಂಜಿನ್ ಹಾಕಿ, ಥರ್ಮೋಸ್ಟ್ಯಾಟ್ ತೆರೆದು ನೀರಿನ ಮಟ್ಟ ಒಮ್ಮೆಲೇ ಇಳಿದಾಗ ಮತ್ತೆ ತುಂಬಿ, ಆಮೇಲೆ ಮುಚ್ಚಬೇಕು. ಒಮ್ಮೆ ಮುಚ್ಚಿ ಬಿಸಿಯಾದ ಮೇಲೆ ಮುಚ್ಚಳ ಬಿಚ್ಚಲು ಹೋಗಬಾರದು, ಬಿಸಿನೀರು ಮುಖಕ್ಕೆ ಹಾರುತ್ತದೆ. ಮೊದಲ ಓಟ ಸಿರುಗುಪ್ಪದವರೆಗೆ ಹೋಗಿ ಬರುವಷ್ಟು ಸಾಕು. ಪೂರ್ತಿ ಆರಿದ ಮೇಲೆ ನೀರಿನ ಮಟ್ಟ, ಸೋರುತೂತು, ಬೋಲ್ಟುಗಳ ಬಿಗಿ ನೋಡಿ, ಎಲ್ಲ ಸರಿಯಿದ್ದರೆ ಬಳ್ಳಾರಿಗೆ ಹೊರಡಬಹುದು.

ಕಾರಿನವನು: ಬಿಚ್ಚಿದ ಹಳೆಯ ಪಂಪು?

ಲೇತಿನವನು: ಬಾಡಿ ಒಳ್ಳೆಯದಿದ್ದರೆ ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ, ಗೋಣಿಯಲ್ಲಿ ಸುತ್ತಿ, ಎತ್ತರದ ಅಳತೆಯನ್ನು ಬಾಡಿಯ ಮೇಲೆಯೇ ಬಣ್ಣದಲ್ಲಿ ಬರೆದಿಡಿ. ಬಿಡುವಿದ್ದಾಗ ಕಿಟ್ ತಂದುಕೊಟ್ಟರೆ ಅದನ್ನೂ ಸಿದ್ಧ ಮಾಡಿಡಬಹುದು.